ವಿನಾಯಕ ಕೃಷ್ಣ ಗೋಕಾಕ: ಕರ್ನಾಟಕ ಕಾಲೇಜಿನ ವಿದ್ಯಾರ್ಥಿ

ಆಧುನಿಕ ಕನ್ನಡ ಸಾಹಿತ್ಯದ ಚರಿತ್ರೆಕಾರರು ಕವಿಗಳನ್ನು, ಕೃತಿಗಳನ್ನು, ಪತ್ರಿಕೆಗಳನ್ನು ಕುರಿತು ವಿಸ್ತಾರವಾಗಿ ಬರೆದಿದ್ದಾರೆ. ಆ ಸಾಹಿತ್ಯವನ್ನು ರೂಪಿಸಿದ ಕಾಲೇಜುಗಳ ಬದುಕನ್ನು ಕುರಿತು ಅಷ್ಟೇ ಆಸ್ಥೆಯಿಂದ ಬರೆದವರು ವಿರಳ. ನವೋದಯದ ಬಹುಪಾಲು ಲೇಖಕರು ಇಂಗ್ಲಿಷ್ ಕಾವ್ಯವನ್ನು ಪಠ್ಯವಾಗಿ ಓದಿದವರು; ಕನ್ನಡವನ್ನು ಪಠ್ಯದ ಹೊರಗೆ ಕಂಡುಕೊಂಡವರು. ಮೈಸೂರಿನ ಮಹಾರಾಜಾ ಕಾಲೇಜಿಗೂ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೂ ಮೈಸೂರು ಸಂಸ್ಥಾನದ ಆಶ್ರಯವಿತ್ತು. ಮುಂಬಯಿ ಕರ್ನಾಟಕಕ್ಕೆ ಅಂಥ ಆಶ್ರಯವಿರಲಿಲ್ಲ. ಅಲ್ಲಿಯ ಜನ ತಾವೇ ಹಣ ಕೂಡಿಸಿ, ಸರಕಾರವನ್ನು ಒಲಿಸಿ ಒಂದು ಕಾಲೇಜನ್ನು ತಂದುಕೊಳ್ಳಬೇಕಾಯಿತು. ಹಾಗೆ ಬಂದದ್ದು ಧಾರವಾಡದ ಕರ್ನಾಟಕ ಕಾಲೇಜು. ಅದರಲ್ಲಿ ಓದಿ, ಅದಕ್ಕೇ ಪ್ರಾಚಾರ್ಯರಾಗಿ ಮರಳಿ, ಕೊನೆಗೆ ದೆಹಲಿಯ ಸಾಹಿತ್ಯ ಅಕಾದೆಮಿಯ ಅಧ್ಯಕ್ಷ ಪೀಠವನ್ನು ಅಲಂಕರಿಸಿದ ವಿನಾಯಕ ಕೃಷ್ಣ ಗೋಕಾಕರ ಬದುಕನ್ನು ಆ ಕಾಲೇಜಿನ ಬಾಗಿಲಿನಿಂದ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಇಂದಿನ ವಿದ್ಯಾರ್ಥಿಗಳಿಗೆ ಗೋಕಾಕ ಎಂಬುದು ಮುಖ್ಯವಾಗಿ ಒಂದು ಚಳವಳಿಯ ಹೆಸರು, ಒಂದು ವರದಿಯ ಹೆಸರು. ಕವಿ ವಿನಾಯಕರು ಆ ಹೆಸರಿನ ನೆರಳಿನಲ್ಲಿ ಮರೆಯಾಗಿದ್ದಾರೆ. ವರದಿಯ ಗೋಕಾಕರಿಗೂ ಕಾವ್ಯದ ವಿನಾಯಕರಿಗೂ ನಡುವೆ ಇರುವ ಸಂಬಂಧ ತಿಳಿಯಬೇಕಾದರೆ ಅವರ ವಿದ್ಯಾರ್ಥಿ ದೆಸೆಯತ್ತ ಹೊರಳುವುದು ಅನಿವಾರ್ಯ.

ಸವಣೂರು

ಗೋಕಾಕರು ಹುಟ್ಟಿದ್ದು 1909ರ ಆಗಸ್ಟ್ 9ರಂದು, ಈಗಿನ ಹಾವೇರಿ ಜಿಲ್ಲೆಗೆ ಸೇರಿದ ಸವಣೂರಿನಲ್ಲಿ. ತಂದೆ ಕೃಷ್ಣರಾಯರು ವಕೀಲರು, ತಾಯಿ ಸುಂದರಾಬಾಯಿ. ಸವಣೂರು ಆಗ ನವಾಬರ ಆಳ್ವಿಕೆಗೆ ಒಳಪಟ್ಟ ಒಂದು ಪುಟ್ಟ ಸಂಸ್ಥಾನ. ಸುತ್ತಲೂ ಬ್ರಿಟಿಷರ ಧಾರವಾಡ ಜಿಲ್ಲೆ, ನಡುವೆ ನವಾಬರ ಊರು. ಅರಮನೆಯ ಉರ್ದು, ಮನೆ ಮತ್ತು ಸಂತೆಯ ಕನ್ನಡ, ವಿದ್ಯಾವಂತರ ವಲಯದಲ್ಲಿ ಇನ್ನೂ ಬಳಕೆಯಲ್ಲಿದ್ದ ಮರಾಠಿ, ಕೋರ್ಟು ಕಚೇರಿಗಳ ಇಂಗ್ಲಿಷ್, ಮನೆಯ ಪೂಜೆಯ ಸಂಸ್ಕೃತ: ಇಷ್ಟೂ ಭಾಷೆಗಳು ಒಂದೇ ಊರಿನಲ್ಲಿ ಕಿವಿಗೆ ಬೀಳುತ್ತಿದ್ದವು. ಬಾಲಕ ವಿನಾಯಕ ಓದಿದ್ದು ಅಲ್ಲಿಯ ಮಜೀದ್ ಹೈಸ್ಕೂಲಿನಲ್ಲಿ. ಬಹುಭಾಷಿಕ ಪರಿಸರವೊಂದು ಅವರಿಗೆ ಹುಟ್ಟಿನಿಂದಲೇ ಸಹಜವಾಗಿತ್ತು ಎಂಬುದನ್ನು ನೆನಪಿನಲ್ಲಿಟ್ಟುಕೊಂಡರೆ, ಭಾಷೆಯ ಪ್ರಶ್ನೆ ಅವರ ಜೀವನದುದ್ದಕ್ಕೂ ಮತ್ತೆ ಮತ್ತೆ ಎದುರಾದುದರ ಅರ್ಥ ಸ್ಪಷ್ಟವಾಗುತ್ತದೆ.

ಕಾಲೇಜು ಬಂದ ಬಗೆ

1917ಕ್ಕೆ ಮೊದಲು ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಜಿಲ್ಲೆಗಳ ಹುಡುಗನೊಬ್ಬ ಮೆಟ್ರಿಕ್ ಪಾಸಾಗಿ ಮುಂದೆ ಓದಬಯಸಿದರೆ ಪುಣೆಗೋ ಮುಂಬಯಿಗೋ ಕೊಲ್ಹಾಪುರಕ್ಕೋ ಹೋಗಬೇಕಾಗಿತ್ತು. ಆಲೂರ ವೆಂಕಟರಾಯರು, ಬೇಂದ್ರೆಯವರು ಪುಣೆಯ ಫರ್ಗ್ಯೂಸನ್ ಕಾಲೇಜಿನಲ್ಲಿ ಓದಿದ್ದು ಈ ಕಾರಣದಿಂದ. ಪುಣೆಯ ವಾಸಕ್ಕೆ ಹಣ ಬೇಕು, ಊಟ ವಸತಿಗಳಿಗೆ ಆಸರೆ ಬೇಕು, ಮರಾಠಿಯೂ ಬೇಕು. ಇವುಗಳಲ್ಲಿ ಒಂದು ಇಲ್ಲದವನ ವಿದ್ಯಾಭ್ಯಾಸ ಅಲ್ಲಿಗೇ ಮುಗಿಯುತ್ತಿತ್ತು. ಹೋದವರು ಕೂಡ ಮರಾಠಿಯ ಸಾಹಿತ್ಯ, ನಾಟಕ, ರಾಜಕಾರಣಗಳ ಹೊಳಪನ್ನು ಕಂಡು ಬೆರಗಾಗುತ್ತಿದ್ದರು. ಅವರಲ್ಲಿ ಕೆಲವರಿಗೆ ಆ ಬೆರಗು ಕನ್ನಡದ ಅಭಿಮಾನವಾಗಿ ತಿರುಗಿತು, ಹಲವರಿಗೆ ತಿರುಗಲಿಲ್ಲ.

ರೊದ್ದ ಶ್ರೀನಿವಾಸರಾಯರು, ಅರಟಾಳ ರುದ್ರಗೌಡರು ಮೊದಲಾದವರು ನಾಡಿಗೆ ನಾಡನ್ನೇ ಎಬ್ಬಿಸಿ ಧನ ಸಂಗ್ರಹಿಸಿ ಸರಕಾರದ ಒಪ್ಪಿಗೆ ಪಡೆದರು. 1917ರ ಜೂನ್ ತಿಂಗಳಲ್ಲಿ ಕರ್ನಾಟಕ ಕಾಲೇಜು ಆರಂಭವಾಯಿತು. ಅದಕ್ಕೆ ದೊರೆತ ಕಟ್ಟಡದ ಕಥೆಯೂ ಗಮನಾರ್ಹ. ಸದರ್ನ್ ಮರಾಠಾ ರೈಲ್ವೆಯ ಮುಖ್ಯ ಕಚೇರಿ ಧಾರವಾಡದಲ್ಲಿತ್ತು. 1908ರಲ್ಲಿ ಆ ಕಂಪನಿ ಮದ್ರಾಸ್ ರೈಲ್ವೆಯೊಂದಿಗೆ ವಿಲೀನಗೊಂಡಾಗ ಕಚೇರಿ ಮದ್ರಾಸಿಗೆ ಹೋಯಿತು; ಕಲ್ಲಿನ ಭವ್ಯ ಕಟ್ಟಡ ಧಾರವಾಡದಲ್ಲೇ ಉಳಿಯಿತು. ಗುಮಾಸ್ತರು ಲೆಕ್ಕ ಬರೆಯುತ್ತಿದ್ದ ಕೋಣೆಗಳಲ್ಲಿ ಮುಂದೆ ಅಧ್ಯಾಪಕರು ಶೇಕ್ಸ್‌ಪಿಯರ್ ಪಾಠ ಹೇಳಿದರು. ಊರಿನಿಂದ ಒಂದು ಕಚೇರಿ ಹೋಗಿ ಒಂದು ಕಾಲೇಜು ಬಂದುದರಿಂದ ಧಾರವಾಡದ ಭಾಗ್ಯವೇ ಬದಲಾಯಿತು. ಹುಬ್ಬಳ್ಳಿ ವ್ಯಾಪಾರದ ಊರಾಗಿ ಬೆಳೆಯಿತು; ಧಾರವಾಡ ಮಾಸ್ತರರ ಊರಾಯಿತು, ವಿದ್ಯಾರ್ಥಿಗಳ ಊರಾಯಿತು.

ವಿದ್ಯಾರ್ಥಿ ಜೀವನ

ಗೋಕಾಕರು ಈ ಕಾಲೇಜಿಗೆ ಬಂದದ್ದು 1920ರ ದಶಕದಲ್ಲಿ, ಕಾಲೇಜಿಗೆ ಇನ್ನೂ ಹತ್ತು ವರ್ಷ ತುಂಬುವುದರ ಆಸುಪಾಸಿನಲ್ಲಿ. ಧಾರವಾಡದ ಮಳೆಗಾಲದೊಂದಿಗೆ ಕಾಲೇಜಿನ ವರ್ಷ ಮೊದಲಾಗುತ್ತಿತ್ತು. ಜೂನ್ ತಿಂಗಳ ಜಿಟಿಜಿಟಿ ಮಳೆಯಲ್ಲಿ, ಕೆಂಪು ಕೆಸರಿನ ದಾರಿಯಲ್ಲಿ, ಬಯಲುನಾಡಿನ ಹಳ್ಳಿಗಳಿಂದಲೂ ಘಟ್ಟದ ಕೆಳಗಿನಿಂದಲೂ ಹುಡುಗರು ಬಂದು ಸೇರುತ್ತಿದ್ದರು. ಉಳ್ಳವರು ವಸತಿಗೃಹದಲ್ಲಿಯೋ ಬಾಡಿಗೆಯ ಕೋಣೆಯಲ್ಲಿಯೋ ಇದ್ದು ಖಾನಾವಳಿಯಲ್ಲಿ ಉಣ್ಣುತ್ತಿದ್ದರು. ಬಡ ಬ್ರಾಹ್ಮಣ ಹುಡುಗರಿಗೆ ವಾರಾನ್ನದ ಮನೆಗಳಿದ್ದವು. ಮುರುಘಾಮಠದ ಪ್ರಸಾದ ನಿಲಯ ಸಾವಿರಾರು ಹಳ್ಳಿಯ ಮಕ್ಕಳ ಪಾಲಿಗೆ ಅನ್ನವನ್ನೂ ಅಕ್ಷರವನ್ನೂ ಒಟ್ಟಿಗೆ ಕೊಟ್ಟ ತಾಣವಾಯಿತು. ಮುಂಬಯಿ ಕರ್ನಾಟಕದ ಹಳ್ಳಿಗಳಿಂದ ಮೊದಲ ಪದವೀಧರರು ಹೊರಬಂದುದರ ಹಿಂದೆ ಈ ಅನ್ನದ ವ್ಯವಸ್ಥೆ ಇದ್ದುದನ್ನು ನಮ್ಮ ಸಾಹಿತ್ಯ ಚರಿತ್ರೆ ಮರೆಯಲಾಗದು. ಕಾಲೇಜನ್ನು ಕಟ್ಟಿದ್ದು ವಂತಿಗೆಯ ಹಣ. ಅದರಲ್ಲಿ ವಿದ್ಯಾರ್ಥಿಗಳನ್ನು ಉಳಿಸಿದ್ದು ಊರಿನ ಅಡುಗೆಮನೆಗಳು.

ತರಗತಿಯೊಳಗಿನ ಲೋಕ ಸಂಪೂರ್ಣ ಇಂಗ್ಲಿಷಿನದು. ಪಠ್ಯವನ್ನು ಗೊತ್ತು ಮಾಡುತ್ತಿದ್ದುದು ಮುಂಬಯಿ ವಿಶ್ವವಿದ್ಯಾಲಯ, ಪರೀಕ್ಷೆಯೂ ಅದರದೇ. ಇತಿಹಾಸ, ತರ್ಕ, ಅರ್ಥಶಾಸ್ತ್ರಗಳೆಲ್ಲ ಇಂಗ್ಲಿಷಿನಲ್ಲಿ. ಸಂಸ್ಕೃತವನ್ನು ಕೂಡ ಇಂಗ್ಲಿಷಿನ ಮೂಲಕ ಕಲಿಸುವ ಪದ್ಧತಿ. ಕನ್ನಡಕ್ಕೆ ದೊರೆತಿದ್ದ ಸ್ಥಾನ ತೀರ ಕಿರಿದು. ಕನ್ನಡದ ಹೆಸರನ್ನೇ ಹೊತ್ತ ಕಾಲೇಜಿನೊಳಗೆ ಕನ್ನಡ ಹೊರಗಿನದಾಗಿತ್ತು ಎಂಬುದು ಆ ಕಾಲದ ವಿಪರ್ಯಾಸ. ಗೋಕಾಕರು ಇಂಗ್ಲಿಷ್ ಸಾಹಿತ್ಯದ ಪ್ರತಿಭಾವಂತ ವಿದ್ಯಾರ್ಥಿ. ರಮ್ಯ ಸಂಪ್ರದಾಯದ ಕವಿಗಳನ್ನು ಹೃದ್ಗತ ಮಾಡಿಕೊಂಡು, ತಾವೂ ಇಂಗ್ಲಿಷಿನಲ್ಲಿ ಕವಿತೆಗಳನ್ನು ಬರೆಯುತ್ತಿದ್ದರು. ಆ ದಾರಿಯಲ್ಲೇ ಮುಂದುವರಿದಿದ್ದರೆ ಭಾರತೀಯ ಇಂಗ್ಲಿಷ್ ಕಾವ್ಯಕ್ಕೆ ಇನ್ನೊಬ್ಬ ಕವಿ ದೊರೆಯುತ್ತಿದ್ದರು. ಕನ್ನಡಕ್ಕೆ ವಿನಾಯಕರು ದೊರೆಯುತ್ತಿರಲಿಲ್ಲ.

ಆದರೆ ಧಾರವಾಡದಲ್ಲಿ ಕಾಲೇಜಿನ ಹೊರಗೆ ಇನ್ನೊಂದು ಕಾಲೇಜಿತ್ತು. ಅದಕ್ಕೆ ಕಟ್ಟಡವಿರಲಿಲ್ಲ, ಹಾಜರಿ ಪುಸ್ತಕವಿರಲಿಲ್ಲ. 1890ರಲ್ಲಿ ಸ್ಥಾಪನೆಯಾದ ಕರ್ನಾಟಕ ವಿದ್ಯಾವರ್ಧಕ ಸಂಘ ಅದರ ಹಿರಿಯ ನೆಲೆ. ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರ ಸುತ್ತ 1920ರ ದಶಕದಲ್ಲಿ ನೆರೆದ ಗೆಳೆಯರ ಗುಂಪು ಅದರ ಜೀವಂತ ತರಗತಿ. ಬೇಂದ್ರೆಯವರು ಆಗ ಹೈಸ್ಕೂಲಿನ ಮಾಸ್ತರರು, ಕಾಲೇಜಿನ ಪ್ರಾಧ್ಯಾಪಕರಲ್ಲ. ಶಂ.ಬಾ. ಜೋಶಿ, ಬೆಟಗೇರಿ ಕೃಷ್ಣಶರ್ಮ, ರಂ.ಶ್ರೀ. ಮುಗಳಿ, ಎನ್ಕೆ ಮೊದಲಾದವರು ಆ ಬಳಗದಲ್ಲಿ ಕೂಡುತ್ತಿದ್ದರು. ಅಲ್ಲಿ ಕವಿತೆಯ ವಾಚನವಿತ್ತು, ವಾಗ್ವಾದವಿತ್ತು, ನಾಡಹಬ್ಬದ ಸಿದ್ಧತೆಯಿತ್ತು, ಪತ್ರಿಕೆ ನಡೆಸುವ ಕಷ್ಟವೂ ಇತ್ತು. ಡಿಗ್ರಿ ಇಲ್ಲದ ವಿದ್ವಾಂಸನೂ ಇಂಗ್ಲಿಷ್ ಎಂ.ಎ. ಓದುತ್ತಿದ್ದ ತರುಣನೂ ಒಂದೇ ಜಮಖಾನದ ಮೇಲೆ ಕುಳಿತುಕೊಳ್ಳುವ ಸಮಾನತೆ ಇತ್ತು. ದೊಡ್ಡ ನಗರದಲ್ಲಿ ಇಂಥ ಕೂಟ ಸಾಧ್ಯವಾಗುವುದು ಕಷ್ಟ. ಸಂಜೆಯ ನಡಿಗೆಯಲ್ಲಿ ಕಾಲೇಜಿನಿಂದ ಸಾಧನಕೇರಿಗೆ ಹೋಗಿ ಬರಬಹುದಾದ ಊರಿನಲ್ಲಿ ಅದು ಸಾಧ್ಯವಾಯಿತು.

ಬೇಂದ್ರೆಯವರ ಸಂಪರ್ಕ ಗೋಕಾಕರ ಬದುಕಿನ ತಿರುವು. ಇಂಗ್ಲಿಷಿನಲ್ಲಿ ಬರೆಯುತ್ತಿದ್ದ ತರುಣನ ಪ್ರತಿಭೆಯನ್ನು ಮೆಚ್ಚಿದ ಬೇಂದ್ರೆಯವರು ಅದನ್ನು ಕನ್ನಡದತ್ತ ಹೊರಳಿಸಿದರು. ಹೊರಳಿಸಿದ್ದು ಉಪದೇಶದಿಂದಲ್ಲ, ಕನ್ನಡದಲ್ಲಿ ಏನನ್ನು ಹೇಳಬಹುದೆಂಬುದನ್ನು ತಮ್ಮ ಕವಿತೆಯಲ್ಲೇ ಮಾಡಿ ತೋರಿಸುವ ಮೂಲಕ. 1929ರಲ್ಲಿ ಮಾಸ್ತಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ನಡೆದ ಸಾಹಿತ್ಯ ಸಮ್ಮೇಳನದಲ್ಲಿ ಬೇಂದ್ರೆಯವರ ಕವಿತಾವಾಚನ ನಾಡಿನ ಗಮನ ಸೆಳೆಯಿತು. ಧಾರವಾಡದ ತರುಣರು ಅದಕ್ಕೆ ಮೊದಲೇ ಆ ಕಾವ್ಯದ ರುಚಿ ಕಂಡಿದ್ದರು. ಗೋಕಾಕರು ವಿನಾಯಕ ಎಂಬ ತಮ್ಮ ಹೆಸರನ್ನೇ ಕಾವ್ಯನಾಮವಾಗಿರಿಸಿಕೊಂಡು ಕನ್ನಡದಲ್ಲಿ ಬರೆಯತೊಡಗಿದರು. ಬೇಂದ್ರೆಯವರನ್ನು ಅವರು ಕೊನೆಯವರೆಗೂ ಕಾವ್ಯಗುರುವೆಂದೇ ಭಾವಿಸಿದರು.

ಇಲ್ಲಿ ಒಂದು ಅಂಶವನ್ನು ಸ್ಪಷ್ಟಪಡಿಸಬೇಕು. ಗೋಕಾಕರು ಕನ್ನಡಕ್ಕೆ ಬಂದದ್ದು ಇಂಗ್ಲಿಷನ್ನು ತೊರೆದಲ್ಲ. ಕಾಲೇಜಿನ ತರಗತಿ ಕೊಟ್ಟ ಇಂಗ್ಲಿಷನ್ನೂ ಗೆಳೆಯರ ಬಳಗ ಕೊಟ್ಟ ಕನ್ನಡವನ್ನೂ ಅವರು ಜೊತೆಜೊತೆಗೆ ಉಳಿಸಿಕೊಂಡರು. ವೃತ್ತಿ ಇಂಗ್ಲಿಷಿನದು, ಪ್ರವೃತ್ತಿ ಕನ್ನಡದ್ದು. ಬಿ.ಎಂ.ಶ್ರೀ.ಯವರಿಂದ ಮೊದಲಾದ ಒಂದು ಪರಂಪರೆಯ ಮುಂದುವರಿಕೆ ಇದು. ಈ ದ್ವಿಮುಖ ನಿಷ್ಠೆಯೇ ಅವರ ಶಕ್ತಿಯಾಯಿತು. ಮುಂದೆ ಅವರ ಮೇಲೆ ಬಂದ ಟೀಕೆಗಳ ಮೂಲವೂ ಅದೇ ಆಯಿತು.

ಅಧ್ಯಾಪಕ, ಪ್ರಾಚಾರ್ಯ

ಎಂ.ಎ. ಮುಗಿಸಿದ ಗೋಕಾಕರು 1931ರಲ್ಲಿ ಪುಣೆಯ ಫರ್ಗ್ಯೂಸನ್ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾದರು. ಹಿಂದಿನ ತಲೆಮಾರಿನ ಕನ್ನಡಿಗರು ವಿದ್ಯಾರ್ಥಿಗಳಾಗಿ ಹೋಗುತ್ತಿದ್ದ ಕಾಲೇಜಿಗೆ ಧಾರವಾಡದಲ್ಲಿ ಓದಿದ ತರುಣನೊಬ್ಬ ಅಧ್ಯಾಪಕನಾಗಿ ಹೋದದ್ದು ಕರ್ನಾಟಕ ಕಾಲೇಜಿನ ಸಾರ್ಥಕತೆಗೆ ಒಂದು ಸಾಕ್ಷಿ. 1934ರಲ್ಲಿ ಅವರ ಮೊದಲ ಕವನ ಸಂಕಲನ ‘ಕಲೋಪಾಸಕ’ ಹೊರಬಂದಿತು. 1936ರಿಂದ 1938ರವರೆಗೆ ಆಕ್ಸ್‌ಫರ್ಡಿನಲ್ಲಿ ಓದಿ ಇಂಗ್ಲಿಷ್ ಸಾಹಿತ್ಯದಲ್ಲಿ ಪ್ರಥಮ ವರ್ಗದ ಗೌರವ ಪಡೆದರು. ಆ ಪ್ರವಾಸ ಅವರಿಗೆ ಪದವಿಯೊಂದಿಗೆ ಕಡಲನ್ನೂ ಕೊಟ್ಟಿತು. 1940ರಲ್ಲಿ ಪ್ರಕಟವಾದ ‘ಸಮುದ್ರಗೀತೆಗಳು’ ಕನ್ನಡ ಕಾವ್ಯಕ್ಕೆ ಸಮುದ್ರವನ್ನು ಒಂದು ಪೂರ್ಣ ಅನುಭವವಾಗಿ ತಂದಿತು. ಮುಕ್ತಛಂದದ ಸಾಧ್ಯತೆಗಳನ್ನೂ ತೆರೆಯಿತು. ಬಯಲುಸೀಮೆಯಲ್ಲಿ ಬೆಳೆದ ಕವಿಗೆ ಕಡಲು ಕಂಡ ಬೆರಗು ಅಲ್ಲಿ ದಟ್ಟವಾಗಿದೆ. ‘ಸಮುದ್ರದಾಚೆಯಿಂದ’ ಎಂಬ ಪ್ರವಾಸ ಗ್ರಂಥವೂ ಅದೇ ಅನುಭವದ ಫಲ.

ಸ್ವದೇಶಕ್ಕೆ ಮರಳಿದ ಮೇಲೆ, ಮೂವತ್ತರ ಹೊಸ್ತಿಲಿನಲ್ಲೇ, ಅವರು ಸಾಂಗ್ಲಿಯ ವಿಲಿಂಗ್ಡನ್ ಕಾಲೇಜಿನ ಪ್ರಾಚಾರ್ಯರಾದರು. ಡೆಕ್ಕನ್ ಎಜುಕೇಶನ್ ಸೊಸೈಟಿ 1919ರಲ್ಲಿ ಸ್ಥಾಪಿಸಿದ ಈ ಕಾಲೇಜು ಸಾಂಗ್ಲಿ ಮತ್ತು ಮಿರಜಗಳ ನಡುವಿನ ವಿಶ್ರಾಮಬಾಗಿನಲ್ಲಿದೆ. ಕನ್ನಡ ಮರಾಠಿಗಳು ಬೆರೆತ ಗಡಿ ಸೀಮೆ ಅದು. ಅಥಣಿ, ಚಿಕ್ಕೋಡಿ, ಜಮಖಂಡಿಗಳ ಕಡೆಯವರಿಗೆ ಧಾರವಾಡಕ್ಕಿಂತ ಸಾಂಗ್ಲಿಯೇ ಹತ್ತಿರ. ಅಲ್ಲಿ ಕನ್ನಡ ಪ್ರಾಧ್ಯಾಪಕರಾಗಿ ದೀರ್ಘಕಾಲ ಸೇವೆ ಸಲ್ಲಿಸಿದವರು ಧಾರವಾಡದ ಗೆಳೆಯರ ಗುಂಪಿನವರೇ ಆದ ರಂ.ಶ್ರೀ. ಮುಗಳಿಯವರು. ಪ್ರಾಚಾರ್ಯರೂ ಕನ್ನಡ ಕವಿ, ಪ್ರಾಧ್ಯಾಪಕರೂ ಕನ್ನಡ ಕವಿ. ಮರಾಠಿ ನೆಲದ ಕಾಲೇಜಿನಲ್ಲಿ ಕನ್ನಡದ ಒಂದು ದೀಪ ಹೀಗೆ ಬೆಳಗಿತು. ಸಾಹಿತ್ಯ ಅಕಾದೆಮಿಯ ಪುರಸ್ಕಾರಕ್ಕೆ 1956ರಲ್ಲಿ ಪಾತ್ರವಾದ ಮುಗಳಿಯವರ ‘ಕನ್ನಡ ಸಾಹಿತ್ಯ ಚರಿತ್ರೆ’ ಸಿದ್ಧವಾದದ್ದು ಅವರ ಸಾಂಗ್ಲಿಯ ವರ್ಷಗಳಲ್ಲಿ ಎಂಬುದು ಗಡಿನಾಡಿನ ಕಾಲೇಜುಗಳಿಗೆ ನಾವು ಎಷ್ಟು ಋಣಿಗಳು ಎಂಬುದನ್ನು ತೋರಿಸುತ್ತದೆ.

ಬಳಿಕ ಗೋಕಾಕರು ಗುಜರಾತಿನ ವಿಸನಗರದ ಕಾಲೇಜಿಗೂ ಕೊಲ್ಹಾಪುರದ ರಾಜಾರಾಮ ಕಾಲೇಜಿಗೂ ಪ್ರಾಚಾರ್ಯರಾಗಿ ಹೋದರು. ಮಹಾನಗರಗಳಿಗಿಂತ ಇಂಥ ಊರುಗಳೇ ಅವರ ಕರ್ಮಭೂಮಿಯಾದುದು ಆಕಸ್ಮಿಕವಿರಬಹುದು. ಆದರೂ ಚಿಕ್ಕ ಊರಿನ ಕಾಲೇಜು ಒಬ್ಬ ಹುಡುಗನಿಗೆ ಏನನ್ನು ಕೊಡಬಲ್ಲದು ಎಂಬುದನ್ನು ತಾವೇ ಉಂಡು ತಿಳಿದವರು ಅವರು. 1950ರಲ್ಲಿ ‘ನವ್ಯ ಕವಿತೆಗಳು’ ಸಂಕಲನ ಹೊರತಂದು, ಹೊಸ ಕಾಲದ ಕಾವ್ಯಕ್ಕೆ ಹೊಸ ಹೆಸರೂ ಹೊಸ ರೀತಿಯೂ ಬೇಕೆಂದು ಅವರು ಪ್ರತಿಪಾದಿಸಿದರು. ಮುಂದೆ ಗೋಪಾಲಕೃಷ್ಣ ಅಡಿಗರ ಕಾವ್ಯದಲ್ಲಿ ಆ ಹೆಸರಿಗೆ ಗೋಕಾಕರು ಎಣಿಸಿದ್ದಕ್ಕಿಂತ ಬೇರೆಯಾದ, ಹೆಚ್ಚು ತೀಕ್ಷ್ಣವಾದ ಅರ್ಥ ಬಂದಿತು. ನವ್ಯಕ್ಕೆ ಹೆಸರು ಕೊಟ್ಟವರನ್ನು ನವ್ಯರು ತಮ್ಮವರೆಂದು ಒಪ್ಪಿಕೊಳ್ಳದೆ ಹೋದದ್ದು ನಮ್ಮ ವಿಮರ್ಶೆಯ ಚರಿತ್ರೆಯ ಒಂದು ಸ್ವಾರಸ್ಯ.

1952ರ ಹೊತ್ತಿಗೆ ಗೋಕಾಕರು ಧಾರವಾಡಕ್ಕೆ ಮರಳಿದರು. ತಾವು ಓದಿದ ಕರ್ನಾಟಕ ಕಾಲೇಜಿಗೆ ಪ್ರಾಚಾರ್ಯರಾದರು. ಅಷ್ಟರಲ್ಲಿ ಊರು ಬದಲಾಗಿತ್ತು. 1949ರಲ್ಲಿ ಸ್ಥಾಪನೆಗೊಂಡ ಕರ್ನಾಟಕ ವಿಶ್ವವಿದ್ಯಾಲಯ ಮುಂಬಯಿಯಿಂದ ಧಾರವಾಡಕ್ಕೆ ಬಂದಿತ್ತು. ಜಿ.ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆ ಕನ್ನಡದ ಗಣ್ಯ ಪ್ರಕಾಶನವಾಗಿ ಬೆಳೆದಿತ್ತು. ಹಿಂದೆ ಕಾಲೇಜಿನ ಹೊರಗಿದ್ದ ಕನ್ನಡ ಈಗ ಒಳಗೂ ಮನ್ನಣೆ ಪಡೆಯತೊಡಗಿತ್ತು. 1956ರ ನವೆಂಬರ್ 1ರಂದು ಧಾರವಾಡ ಏಕೀಕೃತ ರಾಜ್ಯವನ್ನು ಸೇರಿದಾಗ ಆ ಕಾಲೇಜಿನ ಪ್ರಾಚಾರ್ಯ ಪೀಠದಲ್ಲಿದ್ದವರು ಕನ್ನಡದ ಕವಿ. ಆ ವರ್ಷಗಳಲ್ಲಿ ಅಲ್ಲಿ ಓದಿ 1958ರಲ್ಲಿ ಪದವೀಧರರಾದ ಗಿರೀಶ ಕಾರ್ನಾಡರು ಕಲಿತದ್ದು ಗಣಿತ ಮತ್ತು ಸಂಖ್ಯಾಶಾಸ್ತ್ರ. ಆದದ್ದು ಕನ್ನಡ ನಾಟಕಕಾರ. ಇಂಗ್ಲಿಷಿನಲ್ಲಿ ಕವಿಯಾಗಬಯಸಿದ್ದ ಅವರೂ ಕನ್ನಡಕ್ಕೇ ಒಲಿದರು. ಒಂದು ತಲೆಮಾರಿನ ಹಿಂದೆ ಗೋಕಾಕರಿಗೆ ಆದದ್ದೇ ಇನ್ನೊಂದು ರೂಪದಲ್ಲಿ ಮತ್ತೆ ಆಯಿತು. ಪಠ್ಯ ಏನೇ ಇರಲಿ, ಊರು ತನ್ನ ಪಾಠವನ್ನು ಹೇಳುತ್ತಲೇ ಇತ್ತು.

ಪದವಿಗಳು, ಗೌರವಗಳು

ಅನಂತರದ ಜೀವನವನ್ನು ಸಂಗ್ರಹವಾಗಿ ಹೇಳಬಹುದು. 1958ರಲ್ಲಿ ಬಳ್ಳಾರಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ, 1959ರಿಂದ ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕತ್ವ, ‘ದ್ಯಾವಾಪೃಥಿವೀ’ ಕಾವ್ಯಕ್ಕೆ 1960ರ ಸಾಹಿತ್ಯ ಅಕಾದೆಮಿ ಪ್ರಶಸ್ತಿ, 1961ರಲ್ಲಿ ಪದ್ಮಶ್ರೀ, ಅರುವತ್ತರ ದಶಕದ ಉತ್ತರಾರ್ಧದಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿತ್ವ, ಬಳಿಕ ಶಿಮ್ಲಾದ ಭಾರತೀಯ ಉನ್ನತ ಅಧ್ಯಯನ ಸಂಸ್ಥೆಯ ನಿರ್ದೇಶಕತ್ವ, 1981ರಿಂದ ಪುಟ್ಟಪರ್ತಿಯ ಸತ್ಯಸಾಯಿ ಸಂಸ್ಥೆಯ ಮೊದಲ ಕುಲಪತಿತ್ವ, 1983ರಿಂದ ಸಾಹಿತ್ಯ ಅಕಾದೆಮಿಯ ಅಧ್ಯಕ್ಷತೆ. ಇಷ್ಟು ಹುದ್ದೆಗಳ ನಡುವೆ ಕಾವ್ಯ, ನಾಟಕ, ಕಾದಂಬರಿ, ವಿಮರ್ಶೆ, ಪ್ರವಾಸ ಕಥನಗಳನ್ನು ಅವರು ಬರೆಯುತ್ತಲೇ ಹೋದರು. ‘ಸಮರಸವೇ ಜೀವನ’ ಎಂಬ ಬೃಹತ್ ಕಾದಂಬರಿಯ ಹೆಸರೇ ಅವರ ಜೀವನ ದರ್ಶನವನ್ನು ಸೂಚಿಸುತ್ತದೆ. ಅರವಿಂದರ ಚಿಂತನೆಯ ಪ್ರಭಾವ ಅವರ ಮೇಲೆ ಗಾಢವಾಗಿತ್ತು. ವಿಶ್ವಾಮಿತ್ರನನ್ನು ಕೇಂದ್ರವಾಗಿರಿಸಿಕೊಂಡು ವೇದಕಾಲದ ಭಾರತವನ್ನು ಚಿತ್ರಿಸುವ, ಸುಮಾರು 35,000 ಸಾಲುಗಳ ‘ಭಾರತ ಸಿಂಧು ರಶ್ಮಿ’ ಮಹಾಕಾವ್ಯ ಅವರ ಸಾಧನೆಯ ಶಿಖರವೆಂದು ಗಣಿತವಾಗಿದೆ. 1990ರ ಜ್ಞಾನಪೀಠ ಪ್ರಶಸ್ತಿ ಅವರಿಗೆ ಸಂದಿತು. ಕನ್ನಡಕ್ಕೆ ಅದು ಐದನೆಯದು. ಗುರು ಬೇಂದ್ರೆಯವರಿಗೆ 1973ರಲ್ಲಿ, ಶಿಷ್ಯ ಗೋಕಾಕರಿಗೆ 1990ರಲ್ಲಿ, ಅವರ ಕಾಲದ ವಿದ್ಯಾರ್ಥಿ ಕಾರ್ನಾಡರಿಗೆ 1998ರಲ್ಲಿ ಆ ಪ್ರಶಸ್ತಿ ಬಂದುದನ್ನು ನೆನೆದರೆ ಆ ಊರಿನ ಹಿರಿಮೆ ಅರಿವಾದೀತು. ಗೋಕಾಕರು ತೀರಿಕೊಂಡದ್ದು 1992ರ ಏಪ್ರಿಲ್ 28ರಂದು, ಮುಂಬಯಿಯಲ್ಲಿ.

ವರದಿ ಮತ್ತು ಮೌಲ್ಯಮಾಪನ

ಅವರ ಹೆಸರನ್ನು ಮನೆಮನೆಗೆ ಮುಟ್ಟಿಸಿದ್ದು ಈ ಯಾವ ಕೃತಿಯೂ ಅಲ್ಲ. ಶಾಲಾ ಶಿಕ್ಷಣದಲ್ಲಿ ಭಾಷೆಗಳ ಸ್ಥಾನವನ್ನು ಪರಿಶೀಲಿಸಲು 1980ರಲ್ಲಿ ಗುಂಡೂರಾವ್ ಸರಕಾರ ನೇಮಿಸಿದ ಸಮಿತಿಗೆ ಅವರು ಅಧ್ಯಕ್ಷರಾದರು. ಪ್ರೌಢಶಾಲೆಯಲ್ಲಿ ಸಂಸ್ಕೃತವನ್ನು ಪ್ರಥಮ ಭಾಷೆಯಾಗಿ ಆರಿಸಿಕೊಂಡು ಕನ್ನಡವನ್ನು ಓದದೆಯೇ ಮುಂದೆ ಹೋಗುವ ಅವಕಾಶ ಆಗ ಇತ್ತು. 1981ರ ಜನವರಿಯಲ್ಲಿ ಸಲ್ಲಿಸಿದ ವರದಿಯಲ್ಲಿ ಸಮಿತಿಯು ಕನ್ನಡವೊಂದೇ ಪ್ರಥಮ ಭಾಷೆಯಾಗಬೇಕು, ಅದಕ್ಕೆ 150 ಅಂಕಗಳಿರಬೇಕು ಎಂದು ಶಿಫಾರಸು ಮಾಡಿತು. ಸರಕಾರ ಹಿಂದೆಮುಂದೆ ನೋಡಿದಾಗ ಧಾರವಾಡದ ಬರಹಗಾರರೂ ಅಧ್ಯಾಪಕರೂ ಬೀದಿಗಿಳಿದರು. 1982ರಲ್ಲಿ ನಟ ರಾಜಕುಮಾರ್ ಅವರ ನೇತೃತ್ವ ದೊರೆತ ಮೇಲೆ ಅದು ಇಡೀ ನಾಡಿನ ಚಳವಳಿಯಾಯಿತು.

ಸಂಸ್ಕೃತವನ್ನು ಪ್ರೀತಿಸಿದವರು, ಇಂಗ್ಲಿಷ್ ಬೋಧನೆಗೆ ಬದುಕನ್ನು ಮೀಸಲಿಟ್ಟವರು, ವೇದಕಾಲವನ್ನು ಮಹಾಕಾವ್ಯವಾಗಿಸಿದವರು ಇಂಥ ಶಿಫಾರಸು ಮಾಡಿದ್ದು ಹಲವರಿಗೆ ಅಚ್ಚರಿ ತಂದಿತು. ಕರ್ನಾಟಕ ಕಾಲೇಜಿನ ವಿದ್ಯಾರ್ಥಿಯನ್ನು ಬಲ್ಲವರಿಗೆ ಅಚ್ಚರಿಯಾಗಬೇಕಾಗಿಲ್ಲ. ಕನ್ನಡವನ್ನು ತರಗತಿಯ ಹೊರಗೆ ಅದೃಷ್ಟದಿಂದ ಪಡೆದುಕೊಂಡವರು ಅವರು. ಎಲ್ಲ ಊರಿನಲ್ಲಿಯೂ ಬೇಂದ್ರೆಯವರಿರುವುದಿಲ್ಲ. ಎಲ್ಲ ವಿದ್ಯಾರ್ಥಿಗೂ ಸಾಧನಕೇರಿಯ ದಾರಿ ಸಿಗುವುದಿಲ್ಲ. ಅದೃಷ್ಟದಿಂದ ದೊರೆತದ್ದು ಹಕ್ಕಾಗಿ ದೊರೆಯಬೇಕಾದರೆ ಅದು ಪಠ್ಯದೊಳಗೆ ಬರಬೇಕು. ವರದಿಯ ತಾತ್ಪರ್ಯವನ್ನು ಹೀಗೆ ಅರ್ಥೈಸುವುದು ಅಸಂಗತವಾಗದು.

ಗೋಕಾಕರ ಮೇಲಿನ ಆಕ್ಷೇಪಗಳನ್ನು ಮರೆಮಾಚುವುದು ಸಂಸ್ಮರಣೆಗೆ ಶೋಭೆ ತರುವುದಿಲ್ಲ. ಅಧಿಕಾರದ ಹೊಣೆಗಳು ಕವಿಯ ಸಮಯವನ್ನು ತಿಂದವು ಎಂಬ ಮಾತಿದೆ. ಸಮನ್ವಯದ ಹಂಬಲದಲ್ಲಿ ಅವರ ಕಾವ್ಯ ಸಂಘರ್ಷದ ಬಿಸಿಯನ್ನು ಕಳೆದುಕೊಂಡಿತು ಎಂಬ ವಿಮರ್ಶೆಯಿದೆ. ಮಹಾಕಾವ್ಯಕ್ಕೆ ಗೌರವ ಸಂದಷ್ಟು ಓದುಗರು ಸಂದಿಲ್ಲ ಎಂಬುದೂ ನಿಜ. ಚಳವಳಿ ನಡೆದಾಗ ವರದಿಯ ಕರ್ತೃ ಬೀದಿಯಲ್ಲಿರಲಿಲ್ಲ ಎಂಬ ಅಸಮಾಧಾನವೂ ಇತ್ತು. ಈ ಮಾತುಗಳಲ್ಲಿ ಹುರುಳಿಲ್ಲದಿಲ್ಲ. ಆದರೆ ‘ಸಮುದ್ರಗೀತೆಗಳು’ ಓದಿದವರು ಕವಿ ವಿನಾಯಕರನ್ನು ಅಲ್ಲಗಳೆಯಲಾರರು; ಗಡಿನಾಡಿನ ಕಾಲೇಜುಗಳ ಕಥೆ ಬಲ್ಲವರು ಆಚಾರ್ಯ ಗೋಕಾಕರನ್ನು ಅಲ್ಲಗಳೆಯಲಾರರು.

ದೆಹಲಿಯಲ್ಲಿ ಕನ್ನಡ ಕಲಿಸುವವರಿಗೆ ಈ ಜೀವನದ ಒಂದು ಪಾಠ ಹೆಚ್ಚು ಹತ್ತಿರದ್ದು. ಮಂಡಿ ಹೌಸಿನ ಬಳಿಯ ರವೀಂದ್ರ ಭವನದಲ್ಲಿ ಭಾರತೀಯ ಭಾಷೆಗಳ ಲೇಖಕರ ನಡುವೆ ಗೋಕಾಕರು ಅಧ್ಯಕ್ಷರಾಗಿ ಕುಳಿತಾಗ ಅವರ ಬೆನ್ನಿಗಿದ್ದದ್ದು ಆಕ್ಸ್‌ಫರ್ಡಿನ ಪದವಿ ಮಾತ್ರವಲ್ಲ, ಧಾರವಾಡದ ಆ ಎರಡು ಕಾಲೇಜುಗಳ ಓದು. ಹೊರನಾಡಿನ ವಿಶ್ವವಿದ್ಯಾಲಯದಲ್ಲಿ ಕನ್ನಡಕ್ಕೆ ತರಗತಿ ಸಿಗಬಹುದು, ಪೀಠ ಸಿಗಬಹುದು, ಪಠ್ಯಕ್ರಮವೂ ಸಿಗಬಹುದು. ಅದರ ಸುತ್ತ ಒಂದು ಗೆಳೆಯರ ಗುಂಪು ಕೂಡದಿದ್ದರೆ ಅದು ಪರೀಕ್ಷೆಯ ವಿಷಯವಾಗಿಯೇ ಉಳಿಯುತ್ತದೆ. ಧಾರವಾಡದಲ್ಲಿ ಗುಂಪಿತ್ತು, ತರಗತಿಯಿರಲಿಲ್ಲ. ಇಂದು ಹಲವು ಕಡೆ ತರಗತಿಯಿದೆ, ಗುಂಪಿಲ್ಲ. ಎರಡನ್ನೂ ಒಂದುಗೂಡಿಸುವ ಹೊಣೆ ಕನ್ನಡ ವಿಭಾಗಗಳ ಮೇಲಿದೆ. ಆ ಹೊಣೆಯನ್ನು ನೆನಪಿಸುವುದೇ ಗೋಕಾಕರಿಗೆ ನಾವು ಸಲ್ಲಿಸಬಹುದಾದ ಯೋಗ್ಯ ಗೌರವ.